ಸ್ವೆಟರ್ ಮಡಿಸಲು ನಲವತ್ತು ಸುತ್ತು

“ಏನಂದೆ? ಕಾಮಿಡಿನಾ?”

“ಹೂಂ ಅಜ್ಜಿ, ಸಖತ್ ಕಾಮಿಡಿ! ಇಡೀ ಹಾಲ್ ಬಿದ್ದು ಬಿದ್ದು ನಗ್ತಿತ್ತು. ನೀವು ಆ ಪುಟ್ಟ ಸ್ವೆಟರ್ ಹಿಡ್ಕೊಂಡು ಪಟ ಪಟ ಅಂತ ಮಡಿಸ್ತೀರಲ್ಲ, ಆಮೇಲೆ ದಡ ದಡ ಮೆಟ್ಟಿಲಿಳಿದು ಓಡ್ತೀರಲ್ಲ, ಅದಕ್ಕಂತೂ ಒನ್ಸ್ ಮೋರ್ ಅಂತ ಕೂಗಿದ್ರು.”

“ಓಡ್ತೀನಾ? ನಾನು?”

“ಹೂಂ! ನಿಮ್ಮ ಟೈಮಿಂಗ್ ಇದ್ಯಲ್ಲ ಅಜ್ಜಿ, ಅಬ್ಬಾ, ಈಗಿನವರ್ಯಾರಿಗೂ ಬರಲ್ಲ.”

ಅಜ್ಜಿ ಕೈಯಲ್ಲಿದ್ದ ಟೀ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಕೆಳಗಿನ ಸೈಕಲ್ ಅಂಗಡಿಯಲ್ಲಿ ಯಾರೋ ರಿಮ್ಮಿಗೆ ಸುತ್ತಿಗೆಯಿಂದ ಬಡಿಯುತ್ತಿದ್ದರು. ಆ ಸದ್ದು ನಿಲ್ಲುವವರೆಗೂ ಕಾದರು.

“ಆ ಸ್ವೆಟರಿನ ಮಗು ಸತ್ತಿದೆ ಕಣೇ,” ಎಂದರು. “ಮೇಲಿನ ವಾರ್ಡಲ್ಲಿ, ಈಗಷ್ಟೇ. ನಾನು ಅದರ ತಾಯಿ.”

ಹೇಳಲು ಇನ್ನೂ ಏನೇನೋ ಹೊಗಳಿಕೆ ಸಿದ್ಧವಾಗಿತ್ತು.

ನಮಗೆ ಹೇಗೆ ಗೊತ್ತಾಗಬೇಕಿತ್ತು ಹೇಳಿ. ನಮ್ಮ ಕಾಲೇಜಿನ ಫಿಲ್ಮ್ ಕ್ಲಬ್ಬಿಗೆ ಚಿತ್ರ ಸಂಗ್ರಹಾಲಯದವರು ಒಂದು ಡಬ್ಬಿ ಕಳಿಸಿದ್ದರು, ತಿಂಗಳ ಕೊನೆಗೆ ವಾಪಸ್ ಕೊಡಬೇಕು ಎಂಬ ಚೀಟಿಯ ಜೊತೆ. ಆರು ರೀಲಿನ ಒಂದು ಮೂಕಿ ಚಿತ್ರ, ಅದರಲ್ಲಿ ಉಳಿದಿರುವುದು ನಾಲ್ಕನೇ ರೀಲು ಮಾತ್ರ, ಅದನ್ನೇ ಹೊಸ ಫಿಲ್ಮಿಗೆ ಕಾಪಿ ಮಾಡಿದ್ದರು. ನಡುನಡುವೆ ಕಥೆ ಹೇಳುವ ಬರಹಗಳು ಬರುತ್ತವಲ್ಲ, ಅವೆಲ್ಲ ಹೋಗಿದ್ದವು. ಹಾಗಾಗಿ ನಾವು ಕಂಡಿದ್ದು ಇಷ್ಟೇ: ಒಬ್ಬಳು ಹೆಂಗಸು ಬೆಂಚಿನ ಮೇಲೆ ಕೂತು ಮೆಷಿನ್ನಿನ ಹಾಗೆ ಬಟ್ಟೆ ಮಡಿಸುತ್ತಾಳೆ, ಎದ್ದು ಇಲಿಯ ಹಾಗೆ ಮೆಟ್ಟಿಲಿಳಿಯುತ್ತಾಳೆ. ನಕ್ಕೆವು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕಿದ್ದೆ.

ಮಾರನೇ ದಿನ ನನ್ನ ಸೈಕಲ್ ಪಂಕ್ಚರ್ ಆಯಿತು. ಕ್ಯಾರಿಯರ್‌ಗೆ ಸಿಕ್ಕಿಸಿದ್ದ ನಮ್ಮ ಕ್ಲಬ್ಬಿನ ಪೋಸ್ಟರನ್ನು ನೋಡಿ ಸೈಕಲ್ ಅಂಗಡಿಯವನು, “ಇದು ನಮ್ಮ ಮೇಲ್ಮನೆ ಅಜ್ಜಿ ಅಲ್ವಾ? ಇದೇ ಫೋಟೋ ಅವರ ಗೋಡೆ ಮೇಲಿದೆ” ಎಂದ. ನನಗೆ ಅಲ್ಲೇ ಕುಣಿಯುವ ಹಾಗಾಯಿತು. ಸೈಕಲ್ ಅಲ್ಲೇ ಬಿಟ್ಟು ಎರಡೆರಡು ಮೆಟ್ಟಿಲು ಹಾರಿ ಮೇಲೆ ಓಡಿದೆ. ಬಾಗಿಲು ತೆರೆದವರಿಗೆ ಎಂಬತ್ತು ದಾಟಿತ್ತು, ಒಂದು ಮೊಣಕಾಲು ಮಡಚುತ್ತಿರಲಿಲ್ಲ, ಆದರೆ ಮೂಗು ಪೋಸ್ಟರಿನಲ್ಲಿದ್ದ ಅದೇ ಮೂಗು. ಒಳಗೆ ಹೋಗಿ ಕೂತು ನಾನು ಹೇಳಿದ ಮೊದಲ ಮಾತು, ನಿಮ್ಮ ಕಾಮಿಡಿ ಸೂಪರ್.

“ಒಂದು ಕೇಳ್ಲಾ?” ಎಂದರು ಅಜ್ಜಿ. “ನಿಮ್ಮ ಮೆಷಿನ್‌ನಲ್ಲಿ ನಾನು ಸ್ವೆಟರ್ ಮಡಿಸೋಕೆ ಎಷ್ಟು ಹೊತ್ತು ತಗೋತೀನಿ? ಎಣಿಸಿದ್ಯಾ?”

“ಅಯ್ಯೋ, ಇಲ್ಲ.”

“ನಲವತ್ತು ಸುತ್ತು. ಅಷ್ಟು ಆಗ್ಬೇಕು. ನೀವು ನನ್ನನ್ನ ಓಡಿಸಿಬಿಟ್ಟಿದ್ದೀರ.”

ಆಗ ನನಗೆ ಅರ್ಥವಾಗಲಿಲ್ಲ. ಆ ಮಧ್ಯಾಹ್ನ, ಅದರ ಮರುದಿನ, ಅದರ ಮರುದಿನ ಕೂಡ ಕ್ಲಾಸಿಗೆ ಚಕ್ಕರ್ ಹಾಕಿ ಹೋಗಿ ಕೂತ ಮೇಲೆ ಅರ್ಥವಾಯಿತು. ಕೂರಲು ಜಾಗ ಮಾಡಬೇಕಾಗುತ್ತಿತ್ತು. ಆ ಕೋಣೆಯಲ್ಲಿ ಎರಡು ಕುರ್ಚಿ, ಎರಡನೆಯದರ ಮೇಲೆ ಸೀಟು ಕಾಣದಷ್ಟು ಹಳೇ ಪೇಪರ್. “ಯಾರೂ ಕೂರಲ್ಲ ಅಂತ ಪೇಪರ್ ಕೂರಿಸಿದ್ದೀನಿ” ಎಂದರು. ರೇಡಿಯೋ ಒಂದಿತ್ತು. ವಾರ್ತೆ ಓದುವವಳಿಗೆ ಅಜ್ಜಿ ಎದುರುತ್ತರ ಕೊಡುತ್ತಾರೆ. “ಇನ್ನಷ್ಟು ವಿವರಗಳು ಬರಬೇಕಿವೆ” ಎಂದು ಅವಳು ಹೇಳಿದರೆ, ಇವರು, “ಬರ್ಲಿ ಬಿಡಮ್ಮ, ನಾನೆಲ್ಲಿಗೆ ಹೋಗ್ತೀನಿ” ಎನ್ನುತ್ತಾರೆ. ನಾನು ನಗುತ್ತಿದ್ದೆ. ಮೂರನೇ ದಿನ ಮೆಟ್ಟಿಲು ಹತ್ತುವಾಗ ಒಳಗೆ ಅದೇ ಮಾತುಕತೆ ಕೇಳಿತು, ನಾನಿಲ್ಲದಾಗಲೂ ಅದು ಹಾಗೇ ನಡೆಯುತ್ತದೆ ಎಂದು ಹೊಳೆಯಿತು, ಆಗ ನಗು ಬರಲಿಲ್ಲ.

ಅವರ ಅಪ್ಪ ಟೈಲರ್. ಸ್ಟುಡಿಯೋದವರಿಗೆ ಬಟ್ಟೆ ಹೊಲಿದುಕೊಡುತ್ತಿದ್ದರು. ಹದಿನಾಲ್ಕರ ಮಗಳು ಡಬ್ಬಿಯಲ್ಲಿ ಗುಂಡಿ ತುಂಬಿಕೊಂಡು ಹೋಗಿ ನಟಿಯರ ರವಿಕೆಗೆ ಸ್ಥಳದಲ್ಲೇ ಹಾಕಿಕೊಡುವುದು. ಅದಕ್ಕೇ ಅವರ ಹೆಸರು ಅಲ್ಲಿ ‘ಗುಂಡಿ’ ಎಂದಾಯಿತು. ಸ್ಟುಡಿಯೋ ಅಂದರೆ ಗಾಜಿನ ಛಾವಣಿಯ ದೊಡ್ಡ ಶೆಡ್ಡು. ದೀಪ ಇಲ್ಲ, ಬಿಸಿಲೇ ದೀಪ. ಬೆಳ್ಳಿ ಬಣ್ಣದ ಹಾಳೆ ಅಂಟಿಸಿದ ಹಲಗೆಗಳನ್ನು ಇಬ್ಬರು ಹಿಡಿದು ಬಿಸಿಲನ್ನು ಮುಖಕ್ಕೆ ತಿರುಗಿಸುತ್ತಿದ್ದರು. ಮೋಡ ಬಂದರೆ ಎಲ್ಲರೂ ಇಸ್ಪೀಟ್ ಆಡುತ್ತಾ ಕೂರಬೇಕು. ಆ ಕಾಲದ ಫಿಲ್ಮಿಗೆ ಕೆಂಪು ಕಂಡರೆ ಆಗುತ್ತಿರಲಿಲ್ಲವಂತೆ, ಕಪ್ಪಾಗಿ ಬರುತ್ತಿತ್ತು, ಅದಕ್ಕೆ ಮುಖಕ್ಕೆಲ್ಲ ಹಳದಿ ಬಳಿಯುತ್ತಿದ್ದರು.

“ಒಂದಿನ ಅವಸರದಲ್ಲಿ ಮುಖ ತೊಳೀದೆ ಹಾಗೇ ಟ್ರಾಮ್ ಹತ್ತಿಬಿಟ್ಟೆ. ಪಕ್ಕದಲ್ಲಿದ್ದ ಹೆಂಗಸು ಎದ್ದು ಹೋಗಿ ಬಾಗಿಲ ಹತ್ರ ನಿಂತ್ಕೊಂಡ್ಲು, ಇದ್ಯಾವುದೋ ರೋಗ ಅಂತ. ಆರಾಮಾಗಿ ಕಾಲು ಚಾಚ್ಕೊಂಡು ಬಂದೆ.”

ಒಂದು ದಿನ ನಟಿಯೊಬ್ಬಳು ಬರಲಿಲ್ಲ. ನಿರ್ದೇಶಕರ ಕೈಯಲ್ಲಿ ಸದಾ ಒಂದು ತಗಡಿನ ತುತ್ತೂರಿ, ಅದರಲ್ಲೇ ಕೂಗಿ ಕೂಗಿ ಹೇಳಿಕೊಡುತ್ತಿದ್ದರು, ಹಾಗಾಗಿ ಅವರ ಹೆಸರೂ ತುತ್ತೂರಿ. ತುತ್ತೂರಿಯವರು ಗುಂಡಿ ಹಾಕುತ್ತಿದ್ದ ಹುಡುಗಿಯನ್ನೇ ನಿಲ್ಲಿಸಿ, “ಕಿಟಕಿ ಹತ್ರ ಹೋಗು, ಯಾರೋ ಬರ್ತಾರೆ ಅಂತ ಕಾಯಿ” ಎಂದರು. ಎಷ್ಟು ಹೊತ್ತು ಕಾಯಬೇಕು ಎಂದು ಹುಡುಗಿ ಕೇಳಿದಳು. ಎಲ್ಲರೂ ನಕ್ಕರು. ಕ್ಯಾಮೆರಾದವನೊಬ್ಬ ಮಾತ್ರ ನಗದೆ, “ಹನ್ನೆರಡು ಸುತ್ತು” ಎಂದ.

ಅವನ ಹೆಸರು ಗಡಿಯಾರ. ಆಗ ಕ್ಯಾಮೆರಾಗೆ ಮೋಟರ್ ಇರಲಿಲ್ಲ, ಹಿಡಿಕೆಯನ್ನು ಕೈಯಲ್ಲೇ ತಿರುಗಿಸಬೇಕು. ಸೆಕೆಂಡಿಗೆ ಎರಡು ಸುತ್ತು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಅವನು ಬಾಯೊಳಗೇ ಎಣಿಸುತ್ತಾ ತಿರುಗಿಸುತ್ತಿದ್ದ. ಹಿಡಿಕೆ ಸುತ್ತು ಬಂದಾಗೊಮ್ಮೆ ಒಂದು ಸಣ್ಣ ಸದ್ದು, ಕುಕ್, ಕುಕ್. ಬೇರೆ ನಟರೆಲ್ಲ ತುತ್ತೂರಿಯ ಕೂಗು ಕೇಳುತ್ತಿದ್ದರು. ಗುಂಡಿ ಆ ಕುಕ್ ಕುಕ್ ಕೇಳಿದಳು. ಆರು ಸುತ್ತಿಗೆ ತಲೆ ಎತ್ತುವುದು, ಹತ್ತಕ್ಕೆ ಆಸೆ ಬಿಡುವುದು, ಹನ್ನೆರಡಕ್ಕೆ ಪರದೆ ಎಳೆಯುವುದು. ಮುಗಿದಾಗ ಹಿಡಿಕೆಯೂ ಅಲ್ಲೇ ನಿಂತಿತು. ಅಲ್ಲಿಂದ ಹನ್ನೊಂದು ವರ್ಷ, ಹದಿನೇಳು ಚಿತ್ರ.

“ಅಪ್ಪ ಏನಂದ್ರು ಅಜ್ಜಿ, ಮೊದಲ್ನೇ ಸಲ ನೋಡಿದಾಗ?”

“ಬಟ್ಟೆ ಚೆನ್ನಾಗಿ ಕೂತಿತ್ತು ಅಂದ್ರು.”

“ಅಷ್ಟೇನಾ?”

“ಭುಜದ ಹತ್ರ ಸ್ವಲ್ಪ ಸಡಿಲ ಅಂತಾನೂ ಅಂದ್ರು.”

ತಂಗಿಯೊಬ್ಬಳಿದ್ದಳು. ಪರದೆ ಮೇಲೆ ಮುಖ ಕಾಣಿಸುವ ಅಕ್ಕ ಇದ್ದರೆ ಸಂಬಂಧ ಕುದುರುವುದಿಲ್ಲ ಎಂದು ಗಂಡಿನ ಕಡೆಯವರಿಗೆ ಅಕ್ಕನೇ ಇಲ್ಲ ಎಂದು ಹೇಳಿದ್ದರು. ಅಜ್ಜಿ ಇದನ್ನು ಬಿಸ್ಕತ್ತು ಮುರಿಯುತ್ತಾ ಹೇಳಿದರು: “ನಾನಿಲ್ಲ ಅಂತ ಹೇಳಿ ಮದುವೆ ಆದ್ಲು. ಆಮೇಲೆ ಇದ್ದೀನಿ ಅಂತ ಹೇಳೋಕೆ ಅವಳಿಗೆ ಟೈಮೇ ಸಿಗ್ಲಿಲ್ಲ.”

ಆಮೇಲೆ ಟಾಕಿ ಬಂತು, ಅಂದರೆ ಮಾತಾಡುವ ಸಿನಿಮಾ. ನಾನು ತಿಳಿದದ್ದನ್ನೆಲ್ಲ ಒದರಿಬಿಟ್ಟೆ: ಗೊತ್ತು ಅಜ್ಜಿ, ದನಿ ಸರಿ ಇಲ್ಲ ಅಂತ ಎಷ್ಟೋ ಜನರನ್ನ ತೆಗೆದುಹಾಕಿದ್ರಂತೆ, ನಾವು ಸೆಮಿನಾರ್‌ನಲ್ಲಿ ಓದಿದ್ದೀವಿ.

“ನನ್ನ ದನಿಗೇನಾಗಿದೆ? ಕೆಳಗಿನ ಅಂಗಡಿಗೆ ಕೇಳೋ ಹಾಗೆ ಬೈಯ್ತೀನಿ, ಬೇಕಾದ್ರೆ ಕೇಳು ಅವನನ್ನ.”

“ಮತ್ತೆ?”

“ಗಡಿಯಾರನನ್ನ ಪೆಟ್ಟಿಗೆಯೊಳಗೆ ಹಾಕಿಬಿಟ್ರು ಕಣೇ.”

ಕ್ಯಾಮೆರಾದ ಸದ್ದು ಮೈಕಿಗೆ ಕೇಳಬಾರದೆಂದು ಬೀರುವಿನಂಥ ಒಂದು ಮರದ ಪೆಟ್ಟಿಗೆ ಮಾಡಿಸಿ, ಒಳಗೆ ಕಂಬಳಿ ಹೊಡೆಸಿ, ಕ್ಯಾಮೆರಾವನ್ನೂ ಕ್ಯಾಮೆರಾದವನನ್ನೂ ಅದರಲ್ಲಿ ಕೂಡಿಹಾಕುತ್ತಿದ್ದರಂತೆ. ಮುಂದೆ ಒಂದು ಗಾಜು. ಹಿಡಿಕೆ ಹೋಗಿ ಮೋಟರ್ ಬಂದಿತ್ತು. ಗುಂಡಿ ಹೋಗಿ ಗುರುತು ಹಾಕಿದ ಜಾಗದಲ್ಲಿ ನಿಂತಳು. ಮಾತು ಸ್ಪಷ್ಟವಾಗಿ ಹೇಳಿದಳು. ಹೇಳಿ ಮುಗಿದ ಮೇಲೆ ಎಲ್ಲಿ ತಿರುಗಬೇಕು, ಯಾವಾಗ ಕಣ್ಣು ಇಳಿಸಬೇಕು, ಒಂದೂ ತಿಳಿಯಲಿಲ್ಲ. ಕೋಣೆ ತುಂಬ ನಿಶ್ಶಬ್ದ. ಅಷ್ಟು ನಿಶ್ಶಬ್ದ ಸ್ಟುಡಿಯೋದಲ್ಲಿ ಅವಳು ಹಿಂದೆಂದೂ ಕೇಳಿರಲಿಲ್ಲ. ಕಂಬದ ಹಾಗೆ ನಿಂತಳು. ಎಂಟು ಸಲ ತೆಗೆದರು, ಎಂಟು ಸಲವೂ ಕಂಬ. ಕಂಪನಿಯ ಯಜಮಾನರು ಬಂದು, “ಬಿಡಮ್ಮ, ಇವತ್ತು ಸಾಕು” ಎಂದರು. ಇವತ್ತು ಸಾಕು ಎಂದರೆ ಇನ್ನು ಯಾವತ್ತೂ ಬೇಡ ಎಂದು ಅರ್ಥ. ಪೆಟ್ಟಿಗೆಯ ಬಾಗಿಲು ತೆಗೆದಾಗ ಗಡಿಯಾರ ಬೆವರಿನಲ್ಲಿ ನೆನೆದು ಕೂತಿದ್ದ. ಅವನ ಬಲಗೈ ಗಾಳಿಯಲ್ಲೇ ಸುಮ್ಮನೆ ತಿರುಗುತ್ತಿತ್ತು.

ಇಪ್ಪತ್ತೈದನೇ ವಯಸ್ಸಿಗೆ ಎಲ್ಲ ಮುಗಿದಿತ್ತು. ಅದಾದ ಮೇಲೆ ರೆಡಿಮೇಡ್ ಶರ್ಟಿನ ಕಾರ್ಖಾನೆಯಲ್ಲಿ ಕಾಜಾ ಹೊಲಿಯುವ ಕೆಲಸ, ಅಂದರೆ ಗುಂಡಿ ತೂರಿಸುವ ಕಿಂಡಿ, ಮೂವತ್ತೊಂದು ವರ್ಷ. ಅವರ ಚಿತ್ರಗಳೆಲ್ಲ ಅಷ್ಟರಲ್ಲಿ ಸುಟ್ಟೋ ಕರಗಿಯೋ ಹೋಗಿದ್ದವು. ಹಳೇ ಫಿಲ್ಮಿನಿಂದ ಬೆಳ್ಳಿ ತೆಗೆಯುತ್ತಿದ್ದರಂತೆ. ಪಕ್ಕದಲ್ಲಿ ಕೂತು ಹೊಲಿಯುವವಳು ಒಮ್ಮೆ, “ನಿನ್ನ ಮುಖ ಎಲ್ಲೋ ನೋಡಿದ ಹಾಗಿದೆಯಲ್ಲೇ” ಎಂದಳಂತೆ. ಇವರು, “ಹೂಂ, ಇಲ್ಲೇ, ದಿನಾ” ಎಂದರಂತೆ. ಅಲ್ಲಿಗೆ ಆ ಮಾತು ಮುಗಿಯಿತು. ಮತ್ತೆ ಯಾರೂ ಕೇಳಲಿಲ್ಲ.

“ನಂಗೆ ಇನ್ನೇನೂ ಬೇಡ ಪುಟ್ಟಿ,” ಎಂದರು ಮೂರನೇ ದಿನ, ನಾನು ಹೊರಡುವಾಗ, ಬಾಗಿಲ ಚೌಕಟ್ಟು ಹಿಡಿದುಕೊಂಡು. “ಹದಿನೇಳರಲ್ಲಿ ಉಳಿದಿರೋದು ಆ ಒಂದು ರೀಲು. ಅದನ್ನ ನೋಡಿದವರು ಅಂದ್ರೆ ಈಗ ನೀವೇ. ನೀವು ನಕ್ಕು ಬಿಟ್ರಿ. ಒಂದೇ ಒಂದು ಸಲ, ನಾನು ನಡೆದ ಹಾಗೇ ನಡೀಬೇಕು. ಯಾರಾದ್ರೂ ಇಬ್ಬರು ನೋಡಿದ್ರೆ ಸಾಕು.”

ತಿಂಗಳು ಮುಗಿಯಲು ಹದಿನೆಂಟು ದಿನ ಉಳಿದಿತ್ತು.

ನಾನು ನೇರ ಕಾಲೇಜಿನ ಅಟೆಂಡರ್ ಹತ್ತಿರ ಹೋದೆ. ಪ್ರೊಜೆಕ್ಟರಿನ ಬೀಗದ ಕೈ ಅವರ ಸೊಂಟದಲ್ಲಿ, ಇಪ್ಪತ್ತು ವರ್ಷದಿಂದ. ಎಲ್ಲ ಹೇಳಿದೆ, ಉಸಿರು ತೆಗೆದುಕೊಳ್ಳದೆ.

“ಆಯ್ತಾ?” ಎಂದರು ಅವರು. “ಈಗ ಉಸಿರು ತಗೊಳ್ಳಿ ಮೇಡಂ. ನಮ್ಮ ಮೆಷಿನ್‌ಗೆ ಒಂದೇ ಸ್ಪೀಡು. ಮಾತಾಡೋ ಸಿನಿಮಾದ ಸ್ಪೀಡು, ಮೂಕಿ ತೆಗೆದಿದ್ದಕ್ಕಿಂತ ಜಾಸ್ತಿ. ಅದನ್ನ ಕಂಪನಿಯೋರೇ ಹಾಗೆ ಮಾಡಿ ಕಳ್ಸಿದ್ದಾರೆ.”

“ಅಣ್ಣಾ, ಪ್ಲೀಸ್. ಏನಾದ್ರೂ ದಾರಿ ಇರುತ್ತೆ.”

“ದಾರಿ ಇದೆ. ಸ್ಟೋರ್ ರೂಮಲ್ಲಿದೆ. ಅದರ ಮೇಲೆ ಮುರಿದ ಮೇಜು ಹದಿನೈದಿದೆ. ನೀವು ಇಂಗ್ಲಿಷಲ್ಲಿ ಕೇಳ್ಕೊಂಡ್ರೆ ಮೇಜು ಪಕ್ಕಕ್ಕೆ ಸರಿಯುತ್ತಾ?”

ಇಬ್ಬರೂ ಸೇರಿ ಹದಿನೈದು ಮೇಜು ಸರಿಸಿದೆವು. ಕೆಳಗೆ ಅದೇ ಅಳತೆಯ ಫಿಲ್ಮ್ ಓಡಿಸುವ ಇನ್ನೂ ಹಳೆಯ ಒಂದು ಮೆಷಿನ್, ಪಕ್ಕದಲ್ಲಿ ವೇಗ ಹೆಚ್ಚು ಕಡಿಮೆ ಮಾಡುವ ಒಂದು ತಿರುಗುಗುಂಡಿ. ನನಗೆ ಕಿರುಚಬೇಕೆನಿಸಿತು, ಕಿರುಚಿದೆ ಕೂಡ. ಆದರೆ ಆ ತಿರುಗುಗುಂಡಿಯ ಸುತ್ತ ಬರೆದಿದ್ದ ಅಂಕಿಗಳು ಪೂರ್ತಿ ಅಳಿಸಿಹೋಗಿದ್ದವು. ಎಷ್ಟಕ್ಕೆ ತಿರುಗಿಸಿದರೆ ಎಷ್ಟು ವೇಗ ಎಂದು ಅಟೆಂಡರಿಗೂ ಗೊತ್ತಿಲ್ಲ.

“ಅಜ್ಜಿಗೆ ಗೊತ್ತು,” ಎಂದೆ. “ಅಲ್ಲಿಗೇ ಒಯ್ಯೋಣ.”

ಗುರುವಾರ ಮಧ್ಯಾಹ್ನ ಮೆಷಿನ್ನನ್ನು ಆಟೋದಲ್ಲಿಟ್ಟು ಅಜ್ಜಿಯ ಮೆಟ್ಟಿಲ ತನಕ ತಂದೆವು. ಇಪ್ಪತ್ತೆರಡು ಮೆಟ್ಟಿಲಿಗೂ ಅಟೆಂಡರ್ ಒಂದೊಂದು ಹೊಸ ಬೈಗುಳ ಬೈದರು, ಯಾವುದೂ ರಿಪೀಟ್ ಆಗಲಿಲ್ಲ. ಎರಡನೇ ಕುರ್ಚಿಯ ಪೇಪರುಗಳನ್ನು ಕಿಟಕಿಗೆ ಅಂಟಿಸಿ ಬಿಸಿಲು ಮುಚ್ಚಿದೆವು, ಮಂಚದ ಬೆಡ್‌ಶೀಟ್ ತೆಗೆದು ಗೋಡೆಗೆ ಮೊಳೆ ಹೊಡೆದೆವು. ಆ ಖಾಲಿ ಕುರ್ಚಿಯಲ್ಲಿ ಅಟೆಂಡರ್ ಕೂತರು. ಅಜ್ಜಿ ಅವರನ್ನು ಒಂದು ಕ್ಷಣ ನೋಡಿದರು. ನಾನು ಮಂಚದ ಮೇಲೆ ಕಾಲು ಮಡಿಸಿ ಕೂತೆ.

“ಶುರು ಮಾಡ್ಲಾ ಅಮ್ಮ?”

“ಮಾಡಪ್ಪ.”

ಮೆಷಿನ್ ಗೊರಗೊರ ಎಂದಿತು. ಬೆಡ್‌ಶೀಟಿನ ಮೇಲೆ ಇಪ್ಪತ್ತಮೂರು ವರ್ಷದ ಗುಂಡಿ ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದಳು, ಮತ್ತೆ ಅದೇ ಪಟ ಪಟ.

“ನಿಲ್ಸು. ಇಳಿಸು ವೇಗ. ಇನ್ನೂ. ಇನ್ನೂ ಇಳಿಸು. ಅಯ್ಯೋ, ಅಷ್ಟಲ್ಲ, ನನ್ನ ಕೈಗೇನು ಲಕ್ವ ಹೊಡೆದಿದ್ಯಾ? ಸ್ವಲ್ಪ ಏರ್ಸು. ಕೂದಲೆಳೆಯಷ್ಟು. ಹೂಂ. ಹಿಂದಕ್ಕೆ ಸುತ್ತಿ ಮೊದಲಿಂದ ಬಿಡು ಈಗ.”

ಮೊದಲಿಂದ ಬಿಟ್ಟರು.

ಇದನ್ನು ಹೇಗೆ ಹೇಳುವುದೋ ತಿಳಿಯುತ್ತಿಲ್ಲ. ಅದೇ ಹೆಂಗಸು, ಅದೇ ಬೆಂಚು, ಆದರೆ ಬೇರೆ ಯಾರೋ. ಬಾಗಿಲಿಂದ ನರ್ಸ್ ಬರುತ್ತಾಳೆ. ಏನೋ ಹೇಳುತ್ತಾಳೆ. ಗುಂಡಿ ತಲೆಯಾಡಿಸುತ್ತಾಳೆ, ಸರಿ ಎನ್ನುವಂತೆ, ಯಾರೋ ಅಂಗಡಿ ಮುಚ್ಚಿದೆ ಎಂದು ಹೇಳಿದರೆ ತಲೆಯಾಡಿಸುವಂತೆ. ತೊಡೆಯ ಮೇಲಿನ ಸ್ವೆಟರನ್ನು ಹರಡುತ್ತಾಳೆ. ಸುಕ್ಕು ನೀವುತ್ತಾಳೆ. ಒಂದು ತೋಳು ಮಡಿಸುತ್ತಾಳೆ, ಇನ್ನೊಂದು ತೋಳು, ಮಧ್ಯಕ್ಕೆ ಒಂದು ಮಡಿಕೆ. ಮುಗಿಯಿತು. ಸುಮ್ಮನೆ ಕೂರುತ್ತಾಳೆ. ಆಮೇಲೆ ಒಂದು ತೋಳನ್ನು ಮತ್ತೆ ಬಿಚ್ಚುತ್ತಾಳೆ. ಅದನ್ನು ಎರಡು ಬೆರಳಲ್ಲಿ ಹಿಡಿದು ಒಂದು ಗಳಿಗೆ ಇರುತ್ತಾಳೆ, ಒಳಗೆ ಕೈ ಇದೆ ಎನ್ನುವ ಹಾಗೆ. ಮತ್ತೆ ಮಡಿಸುತ್ತಾಳೆ. ಎದ್ದು ಮೆಟ್ಟಿಲ ಕಡೆ ಹೋಗುತ್ತಾಳೆ, ಒಂದೊಂದೇ ಮೆಟ್ಟಿಲು ಇಳಿಯುತ್ತಾಳೆ, ರೀಲು ಮುಗಿಯುತ್ತದೆ.

ಬೆಡ್‌ಶೀಟಿನ ಮೇಲೆ ಬರೀ ಬೆಳಕು ಉಳಿಯಿತು. ಅಟೆಂಡರ್ ಮೆಷಿನ್ ಆಫ್ ಮಾಡುವುದನ್ನೇ ಮರೆತರು. ಫಿಲ್ಮಿನ ತುದಿ ಚಟ್ ಚಟ್ ಎಂದು ಬಡಿಯುತ್ತಿತ್ತು. ಅಜ್ಜಿ ಬೆಡ್‌ಶೀಟ್ ನೋಡುತ್ತಿರಲಿಲ್ಲ, ನಮ್ಮಿಬ್ಬರ ಮುಖ ನೋಡುತ್ತಿದ್ದರು, ಒಂದಾದ ಮೇಲೊಂದು.

“ಅಮ್ಮ,” ಎಂದರು ಅಟೆಂಡರ್ ಕೊನೆಗೆ. ಅವರ ದನಿ ನನಗೆ ಗುರುತೇ ಸಿಗಲಿಲ್ಲ. “ಆ ತೋಳು ಯಾಕೆ ಮತ್ತೆ ಬಿಚ್ಚಿದ್ರಿ?”

ಅಜ್ಜಿ ಮೊಣಕಾಲು ಉಜ್ಜಿಕೊಂಡರು.

“ತಪ್ಪಾಗಿ ಹೋಯ್ತಪ್ಪ. ನಲವತ್ತು ಸುತ್ತಿಗೆ ಮಡಿಸ್ಬೇಕಿತ್ತು. ಬಿಸಿಲು ಹೋಗ್ತಾ ಇತ್ತು, ಡಬ್ಬಿಯಲ್ಲಿ ಫಿಲ್ಮೂ ಅಷ್ಟೇ ಉಳಿದಿತ್ತು, ಒಂದೇ ಸಲಕ್ಕೆ ಆಗ್ಬೇಕು ಅಂತ ತುತ್ತೂರಿ ಬೇರೆ ಕೂಗ್ತಿದ್ರು. ಗಾಬರೀಲಿ ಇಪ್ಪತ್ತೆಂಟಕ್ಕೇ ಮುಗಿಸಿಬಿಟ್ಟೆ. ಕುಕ್ ಕುಕ್ ಇನ್ನೂ ನಡೀತಾನೇ ಇದೆ. ಹನ್ನೆರಡು ಸುತ್ತು ಏನ್ ಮಾಡ್ಲಿ? ಬಿಚ್ಚಿ ಮತ್ತೆ ಮಡಿಸ್ದೆ.”

“ಅಂದ್ರೆ ದುಃಖ ಅಲ್ವಾ ಅಜ್ಜಿ?” ಎಂದೆ ನಾನು. “ಆಗ ನೀವು ಏನು ಯೋಚ್ನೆ ಮಾಡ್ತಿದ್ರಿ?”

“ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೊಂದು.”

ಅಟೆಂಡರ್ ನಕ್ಕರು, ನಾನೂ ನಕ್ಕೆ, ನನ್ನ ಮೂಗು ಸೋರುತ್ತಿತ್ತು.

“ಪೇಪರಲ್ಲೆಲ್ಲ ಬರೆದಿದ್ರು ಆ ತೋಳಿನ ಬಗ್ಗೆ. ತುತ್ತೂರಿಯಂತೂ ನಾನೇ ಹೇಳಿಕೊಟ್ಟೆ ಅಂತ ಊರೆಲ್ಲ ಹೇಳ್ಕೊಂಡು ಓಡಾಡಿದ್ರು. ಅವತ್ತೇ ನಿಜ ಹೇಳಿದ್ದು ಗಡಿಯಾರ ಒಬ್ಬನೇ. ಕ್ಯಾಮೆರಾ ಮಡಚ್ತಾ, ಮುಖ ಕೂಡ ಎತ್ತದೆ, ‘ಇಪ್ಪತ್ತೆಂಟಕ್ಕೆ ಮುಗೀತಲ್ಲ’ ಅಂದ. ಹನ್ನೊಂದು ವರ್ಷದಲ್ಲಿ ಅವನು ನನ್ನ ಹತ್ರ ಆಡಿದ್ದು ಇಂಥ ಮಾತೇ, ಎಲ್ಲಾ ಅಂಕಿ. ಟಾಕಿ ಬಂದ ಮೇಲೆ ಯಾವುದೋ ಬೇರೆ ಊರಿಗೆ ಹೋದ. ಹೋಗೋವಾಗ ಹೇಳ್ಲೂ ಇಲ್ಲ. ಅದಾದ ಮೇಲೆ ನಂದು ಎಷ್ಟಕ್ಕೆ ಮುಗೀತು ಅಂತ ಯಾರೂ ನೋಡ್ಲಿಲ್ಲ” ಎಂದರು.

ಕೆಳಗೆ ಸೈಕಲ್ ಗಂಟೆ ಬಾರಿಸಿ ಪರೀಕ್ಷೆ ಮಾಡುತ್ತಿದ್ದರು. ಅಟೆಂಡರ್ ಎದ್ದು ಮೆಷಿನ್ ಆಫ್ ಮಾಡಿ, ಕಿಟಕಿಯ ಒಂದು ಪೇಪರ್ ಕಿತ್ತರು. ಬೆಳಕು ಬಂತು, ಕೋಣೆ ಮತ್ತೆ ಸಣ್ಣದಾಯಿತು.

ನನಗೆ ಅಜ್ಜಿಯನ್ನು ಅಪ್ಪಿಕೊಳ್ಳಬೇಕೆನಿಸಿತು. ಬದಲಿಗೆ ಕೇಳಿದೆ: “ಸರಿ ಇತ್ತಾ ಅಜ್ಜಿ? ನೀವು ನಡೆದ ಹಾಗೇ ಇತ್ತಾ?”

“ಸ್ವೆಟರ್ ಸರಿ ಇತ್ತು.” ಮತ್ತೆ ಅಟೆಂಡರ್ ಕಡೆ ತಿರುಗಿ, “ಮೆಟ್ಟಿಲ ಹತ್ರ ನೀನು ಎಡವಟ್ಟು ಮಾಡಿದೆ ಕಣಪ್ಪ. ಅಲ್ಲಿ ಗಡಿಯಾರ ಸ್ವಲ್ಪ ನಿಧಾನ ತಿರುಗ್ಸಿದ್ದ, ಬಿಸಿಲು ಸಾಲಲಿಲ್ಲ ಅಂತ. ನೀನೂ ಅಲ್ಲಿ ಕೂದಲೆಳೆ ಇಳಿಸ್ಬೇಕಿತ್ತು. ಕೊನೆ ನಾಲ್ಕು ಮೆಟ್ಟಿಲು ಕೆಲಸಕ್ಕೆ ಲೇಟಾದೋಳ ಹಾಗೆ ಇಳೀತೀನಿ.”

“ಈಗಲೇ ಇನ್ನೊಂದ್ಸಲ ಹಾಕ್ಲಾ ಅಮ್ಮ?”

“ಬೇಡ, ನನಗೆ ಸುಸ್ತಾಯ್ತು. ಇಬ್ಬರೇ ನೋಡೋದಕ್ಕೆ ಪದೇ ಪದೇ ಯಾಕೆ.” ನನ್ನ ಕಡೆ ನೋಡಿದರು. “ಅವತ್ತು ಒನ್ಸ್ ಮೋರ್ ಅಂತ ಕೂಗಿದವರು ಎಷ್ಟು ಜನ?”

“ಮೂವತ್ತೋ ನಲವತ್ತೋ ಇರ್ಬಹುದು.”

“ಈ ಕೋಣೇಲಿ ಹಿಡಿಯೋದು ಎಂಟೇ. ಮಂಚದ ಮೇಲೆ ನಾಲ್ಕು, ನೆಲದ ಮೇಲೆ ನಾಲ್ಕು. ಜೋರಾಗಿ ಕೂಗಿದ ಎಂಟು ಜನರನ್ನ ಆರ್ಸು.”

“ಮೆಷಿನ್ ಇಲ್ಲೇ ಇರ್ಲಿ ಅಮ್ಮ,” ಎಂದರು ಅಟೆಂಡರ್, “ಇನ್ನೊಂದ್ಸಲ ಹೊತ್ಕೊಂಡು ಹತ್ತೋಕೆ ನನ್ನ ಹತ್ರ ಬೈಗುಳ ಉಳಿದಿಲ್ಲ. ಪ್ರಿನ್ಸಿಪಾಲ್ ಕೇಳಿದ್ರೆ ರಿಪೇರಿಗೆ ಕೊಟ್ಟಿದ್ದೀನಿ ಅಂತೀನಿ.”

ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಮುಂದಿನ ಗುರುವಾರ, ಮಧ್ಯಾಹ್ನ ಮೂರು, ಎಂಟು ಜನ. ಕಿಟಕಿಯ ಎಡ ಮೂಲೆಯಿಂದ ಬೆಳಕು ಸೋರುತ್ತಿತ್ತು, ಅದಕ್ಕೆ ಒಂದು ದಪ್ಪ ಕಪ್ಪು ಬಟ್ಟೆ ತರಬೇಕು ಎಂದು ಅಜ್ಜಿ ಹೇಳಿದರು. ಕಿಟಕಿಯ ಅಳತೆ ಎಷ್ಟು ಎಂದು ಕೇಳಿದೆ. ಟೈಲರ್ ಮಗಳು ಗೇಣಿನಲ್ಲಿ ಅಳೆದು ಹೇಳಿದರು, “ಐದು ಗೇಣು ಅಗಲ, ಏಳು ಎತ್ತರ. ಅಂಚು ಹೊಲಿಸ್ಬೇಡ, ಹಾಗೇ ತಗೊಂಡು ಬಾ, ನಾನೇ ಹೊಲಿದು ಹಾಕ್ತೀನಿ. ಮೂರಕ್ಕೆ ಅಲ್ಲ, ಎರಡಕ್ಕೇ ಬಂದ್ಬಿಡು.”